ಪೊರೆ ಆಪರೇಷನ್‌ಗೆ ಮುಂಚೆ ಕಣ್ಣಿಗೆ ಹಾಕುವ ಹನಿ: ಮನೆಮಂದಿ ತಿಳಿದಿರಬೇಕಾದ ವಿಷಯ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನೇತ್ರ ವಿಭಾಗದ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣದ ಪಠ್ಯ)





ವಿದ್ಯಾರ್ಥಿವೇತನ ಕೊಡುವ ದಿನ ಕಣ್ಣಿನ ಔಷಧದ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಎರಡು. ಇಲ್ಲಿ ಕೂತಿರುವ ಬಹಳಷ್ಟು ಮನೆಗಳಲ್ಲಿ ಒಬ್ಬ ದಾದಿಯೋ ನಾನಾರೋ ಪೊರೆ ಬಂದು ಕಣ್ಣು ಮಂಜಾಗಿ ಕೂತಿದ್ದಾರೆ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು, ಚೀಟಿ ಓದುವವರು, ಔಷಧದ ಬಾಟಲಿ ಹಿಡಿಯುವವರು ಹೆಚ್ಚಾಗಿ ಮನೆಯಲ್ಲಿ ಓದುತ್ತಿರುವ ಮಕ್ಕಳೇ. ಇದು ಮೊದಲನೆಯದು. ಎರಡನೆಯದು, ದಾನಿಗಳು ಒಬ್ಬರ ಕಣ್ಣಿಗೆಂದು ಕೊಟ್ಟ ಹಣ ಆ ಕಣ್ಣಿಗೆ ಬೆಳಕಾಗಿ ತಲುಪಬೇಕಾದರೆ ಆಪರೇಷನ್‌ಗೆ ಮುಂಚಿನ ಒಂದು ಗಂಟೆ ಸರಿಯಾಗಿ ನಡೆಯಬೇಕು. ಆ ಒಂದು ಗಂಟೆಯ ಕೆಲಸವೇ ನನ್ನ ಕೆಲಸ. ಅದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಮ್ಮ ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, 50 ವರ್ಷ ದಾಟಿದವರಲ್ಲಿ ಕುರುಡಾದ ನೂರು ಜನರಲ್ಲಿ ಸುಮಾರು 66 ಜನರಿಗೆ ಕಾರಣ ಪೊರೆ. ಪೊರೆ ವಾಸಿಯಾಗದ ರೋಗವಲ್ಲ. ಮಂಜಾದ ಮಸೂರವನ್ನು ತೆಗೆದು ಹೊಸ ಲೆನ್ಸ್ ಕೂರಿಸಿದರೆ, ಕಣ್ಣಿನ ಒಳಪರದೆ ಮತ್ತು ನರ ಚೆನ್ನಾಗಿದ್ದವರಿಗೆ ದೃಷ್ಟಿ ವಾಪಸು ಬರುತ್ತದೆ. ಅಂದರೆ ಈ ನೂರರಲ್ಲಿ 66 ಜನರಲ್ಲಿ ಬಹುಪಾಲು ಮಂದಿ ಕತ್ತಲಲ್ಲಿ ಕೂತಿರಬೇಕಾಗಿಲ್ಲ.

ಈಗ ಆಪರೇಷನ್ ಹೇಗೆ ನಡೆಯುತ್ತದೆ ಎಂದು ನೋಡೋಣ. ಕಣ್ಣಿನ ಮುಂದೆ ಕಪ್ಪಾಗಿ ಕಾಣುವ ದುಂಡನೆಯ ಚುಕ್ಕೆಯೇ ಪಾಪೆ. ಅದು ಚುಕ್ಕೆಯಲ್ಲ, ಒಂದು ಕಿಂಡಿ. ಅದರ ಸುತ್ತ ಇರುವ ಕಂದು ಬಣ್ಣದ ಪರದೆ ಬೆಳಕು ಹೆಚ್ಚಾದರೆ ಕಿಂಡಿಯನ್ನು ಚಿಕ್ಕದು ಮಾಡುತ್ತದೆ, ಕತ್ತಲಾದರೆ ಅಗಲ ಮಾಡುತ್ತದೆ. ಪೊರೆ ಕಟ್ಟಿದ ಮಸೂರ ಇರುವುದು ಈ ಪರದೆಯ ಹಿಂದೆ. ವೈದ್ಯರು ಈ ಕಿಂಡಿಯ ಮೂಲಕವೇ ಒಳಗೆ ಹೋಗಬೇಕು, ಕಿಂಡಿಯ ಮೂಲಕವೇ ಪೊರೆಯನ್ನು ಹೊರಗೆ ತರಬೇಕು.

ಆಪರೇಷನ್ ಥಿಯೇಟರಿನಲ್ಲಿ ಸೂಕ್ಷ್ಮದರ್ಶಕದ ಪ್ರಖರ ಬೆಳಕು ನೇರವಾಗಿ ಕಣ್ಣಿನ ಮೇಲೆ ಬೀಳುತ್ತದೆ. ಬೆಳಕು ಬಿದ್ದರೆ ಪಾಪೆ ಕುಗ್ಗುವುದು ಸಹಜ. ಬೆಳಕಿನಲ್ಲಿ ಪಾಪೆಯ ಅಗಲ 2ರಿಂದ 4 ಮಿಲಿಮೀಟರ್ ಇರುತ್ತದೆ. ಸುರಕ್ಷಿತವಾಗಿ ಕೆಲಸ ಮಾಡಲು ಅದು 6–7 ಮಿಲಿಮೀಟರ್ ಆದರೂ ಇರಬೇಕು. 3 ಮಿಲಿಮೀಟರ್ ಮತ್ತು 7 ಮಿಲಿಮೀಟರ್ ನಡುವೆ ಏನು ಮಹಾ ವ್ಯತ್ಯಾಸ ಎನ್ನಬೇಡಿ. ಗಣಿತ ಓದುವ ಮಕ್ಕಳು ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿ ನೋಡಲಿ, ಐದು ಪಟ್ಟಿಗಿಂತ ಜಾಸ್ತಿ ಬರುತ್ತದೆ. ಒಂದು ಕೋಣೆಯ ಸಾಮಾನನ್ನು ಬಾಗಿಲಿನಿಂದ ತೆಗೆಯುವುದಕ್ಕೂ ಸಣ್ಣ ಕಿಟಕಿಯಿಂದ ತೆಗೆಯುವುದಕ್ಕೂ ಇರುವಷ್ಟು ವ್ಯತ್ಯಾಸ ಅದು.

ಪಾಪೆ ಕಿರಿದಾಗಿದ್ದರೆ ಏನಾಗುತ್ತದೆ? ಪೊರೆಯ ಹಿಂದೆ ಒಂದು ತೆಳುವಾದ ಚೀಲದ ಗೋಡೆ ಇದೆ. ಅದರ ದಪ್ಪ ಸುಮಾರು 4 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ತೆಳು. ಹೊಸ ಲೆನ್ಸ್ ಕೂರಬೇಕಾದ್ದು ಅದೇ ಚೀಲದಲ್ಲಿ. ಕಿಂಡಿ ಚಿಕ್ಕದಾದರೆ ವೈದ್ಯರಿಗೆ ಅದು ಸರಿಯಾಗಿ ಕಾಣುವುದಿಲ್ಲ. ಕಾಣದೆ ಕೆಲಸ ಮಾಡುವಾಗ ಚೀಲ ಹರಿಯುವ, ಬಣ್ಣದ ಪರದೆಗೆ ಪೆಟ್ಟಾಗುವ ಸಂಭವ ಜಾಸ್ತಿ. ಚೀಲ ಹರಿದರೆ ಲೆನ್ಸ್ ಕೂರಿಸುವುದು ಕಷ್ಟ, ಕೆಲವೊಮ್ಮೆ ಎರಡನೇ ಆಪರೇಷನ್ ಬೇಕಾಗುತ್ತದೆ. ಒಂದೇ ಕಣ್ಣಿನಲ್ಲಿ ಬದುಕುತ್ತಿರುವ ಮುದುಕಿಗೆ ಇದು ಸಣ್ಣ ಮಾತಲ್ಲ.

ಅದಕ್ಕಾಗಿಯೇ ಈ ಹನಿಗಳು. ಮುಖ್ಯವಾಗಿ ಮೂರು ಬಗೆಯ ಔಷಧ ಬಳಸುತ್ತೇವೆ. ಮೊದಲನೆಯದು ಟ್ರೋಪಿಕಮೈಡ್. ಪಾಪೆಯನ್ನು ಕುಗ್ಗಿಸುವ ಸ್ನಾಯು ಒಂದಿದೆ, ಅದನ್ನು ಇದು ಕೆಲವು ಗಂಟೆ ಸಡಿಲ ಮಾಡುತ್ತದೆ. ಎರಡನೆಯದು ಫಿನೈಲ್‌ಎಫ್ರಿನ್. ಪಾಪೆಯನ್ನು ಅಗಲ ಮಾಡುವ ಸ್ನಾಯು ಬೇರೆ, ಅದನ್ನು ಇದು ಎಳೆಯುತ್ತದೆ. ಒಂದು ಚಿಲಕ ತೆಗೆಯುತ್ತದೆ, ಇನ್ನೊಂದು ಬಾಗಿಲು ತಳ್ಳುತ್ತದೆ ಎಂದುಕೊಳ್ಳಿ. ನಮ್ಮಲ್ಲಿ ಇವೆರಡೂ ಸೇರಿದ ಬಾಟಲಿಯೇ ಸಿಗುತ್ತದೆ. ಟ್ರೋಪಿಕಮೈಡ್ 0.8 ಶೇಕಡಾ, ಫಿನೈಲ್‌ಎಫ್ರಿನ್ 5 ಶೇಕಡಾ ಎಂದು ಅದರ ಮೇಲೆ ಬರೆದಿರುತ್ತದೆ.

ಮೂರನೆಯದು ನೋವು-ಉರಿ ತಗ್ಗಿಸುವ ಗುಂಪಿನ ಹನಿ. ಫ್ಲರ್ಬಿಪ್ರೊಫೆನ್, ಕೆಟೊರೊಲ್ಯಾಕ್, ನೆಪಾಫೆನಾಕ್ ಇವು ಆ ಗುಂಪಿನವು. ಇವು ಪಾಪೆಯನ್ನು ತಾವೇ ಅಗಲ ಮಾಡುವುದಿಲ್ಲ. ಆದರೆ ಕಣ್ಣಿನೊಳಗೆ ಉಪಕರಣ ತಾಗಿದ ಕೂಡಲೇ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಹುಟ್ಟುತ್ತದೆ, ಅದು ಅಗಲವಾಗಿದ್ದ ಪಾಪೆಯನ್ನು ಆಪರೇಷನ್ ಮಧ್ಯದಲ್ಲೇ ಕುಗ್ಗಿಸಿಬಿಡುತ್ತದೆ. ಈ ಹನಿ ಆ ವಸ್ತು ಹುಟ್ಟದಂತೆ ತಡೆಯುತ್ತದೆ. ಆಪರೇಷನ್ ಹೊತ್ತಿನಲ್ಲಿ ಪಾಪೆ ಕುಗ್ಗುವುದನ್ನು ತಡೆಯಲೆಂದು ಫ್ಲರ್ಬಿಪ್ರೊಫೆನ್ ಹನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1986ರಲ್ಲಿ. 2014ರಲ್ಲಿ ಅಲ್ಲಿ ಫಿನೈಲ್‌ಎಫ್ರಿನ್ ಮತ್ತು ಕೆಟೊರೊಲ್ಯಾಕ್ ಎರಡನ್ನೂ ಕಣ್ಣು ತೊಳೆಯುವ ದ್ರಾವಣಕ್ಕೇ ಸೇರಿಸಿ ಬಳಸುವುದಕ್ಕೂ ಒಪ್ಪಿಗೆ ಸಿಕ್ಕಿತು. ಪಾಪೆಯನ್ನು ಅಗಲ ಮಾಡುವುದು ಒಂದು ಕೆಲಸ, ಕೊನೆಯವರೆಗೆ ಅಗಲವಾಗಿಯೇ ಇಡುವುದು ಇನ್ನೊಂದು ಕೆಲಸ. ಎರಡೂ ಆಗಬೇಕು.

ಈ ವಿದ್ಯೆ ಒಂದೇ ದಿನದಲ್ಲಿ ಬಂದದ್ದಲ್ಲ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿ ಪೊರೆಯ ಚಿಕಿತ್ಸೆ ಇದೆ. ಸುಮಾರು ಸಾವಿರ ವರ್ಷದ ಹಿಂದೆ ಮೊಸುಲ್ ಊರಿನಿಂದ ಈಜಿಪ್ಟಿಗೆ ಹೋದ ಅಮ್ಮಾರ್ ಇಬ್ನ್ ಅಲಿ ಎಂಬ ನೇತ್ರ ವೈದ್ಯರು ಟೊಳ್ಳು ಸೂಜಿಯಿಂದ ಮೆದು ಪೊರೆಯನ್ನು ಹೀರಿ ತೆಗೆಯುವ ಬಗೆಯನ್ನು ಬರೆದಿಟ್ಟರು. ಅವರ ಕಾಲದವರೇ ಆದ ಬಾಗ್ದಾದಿನ ಅಲಿ ಇಬ್ನ್ ಈಸಾ ಕಣ್ಣಿನ ರೋಗಗಳ ಮೇಲೆ ಬರೆದ ಗ್ರಂಥವನ್ನು ಶತಮಾನಗಳವರೆಗೆ ವೈದ್ಯರು ಓದಿದರು. ಕಣ್ಣಿನೊಳಗೆ ಕೃತಕ ಲೆನ್ಸ್ ಇಡುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಶುರು ಮಾಡಿದ್ದು 1949ರಲ್ಲಿ.

ನಮ್ಮ ನಾಡಿನಲ್ಲಿ ಬೀಳಗಿಯ ಡಾ. ಎಂ.ಸಿ. ಮೋದಿಯವರನ್ನು ಹಿರಿಯರು ಮರೆತಿರಲಾರರು. ಊರೂರಿಗೆ ಹೋಗಿ ಶಿಬಿರ ಹಾಕಿ ಬಡವರ ಪೊರೆ ತೆಗೆದವರು ಅವರು. ಈಗ ವ್ಯವಸ್ಥೆ ಬದಲಾಗಿದೆ. ಸೋಂಕಿನ ಭಯದಿಂದ ಊರಿನ ಶಾಲೆ, ಛತ್ರಗಳಲ್ಲಿ ಆಪರೇಷನ್ ಮಾಡುವುದಿಲ್ಲ. ಊರಿನಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲಿ. ಆದ್ದರಿಂದ ಪಿರಿಯಾಪಟ್ಟಣದ ಹಳ್ಳಿಯ ಅಜ್ಜಿಯೋ ಎಚ್.ಡಿ. ಕೋಟೆಯ ಕಾಡಂಚಿನ ಊರಿನ ತಾತನೋ ಮೈಸೂರಿನವರೆಗೆ ಹೋಗಬೇಕಾಗುತ್ತದೆ. ಹೊತ್ತಿಗೆ ಸರಿಯಾಗಿ ತಲುಪುವುದೂ ಚಿಕಿತ್ಸೆಯ ಒಂದು ಭಾಗವೇ.

ಯಾಕೆಂದರೆ ಹನಿಗೆ ಸಮಯ ಬೇಕು. ಟ್ರೋಪಿಕಮೈಡ್ ಕೆಲಸ ಮಾಡಲು 20–30 ನಿಮಿಷ ಬೇಕು. ಸಾಮಾನ್ಯವಾಗಿ ಆಪರೇಷನ್‌ಗೆ ಒಂದು ಗಂಟೆ ಮುಂಚಿನಿಂದ, 10–15 ನಿಮಿಷಕ್ಕೊಮ್ಮೆ ಮೂರು ನಾಲ್ಕು ಸಲ ಹಾಕುತ್ತೇವೆ. ನಮ್ಮ ಜನರ ಕಣ್ಣಿನ ಕಂದು ಬಣ್ಣ ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ, ತಿಳಿ ಬಣ್ಣದ ಕಣ್ಣಿಗಿಂತ ನಮ್ಮ ಪಾಪೆ ನಿಧಾನವಾಗಿ ಅರಳುತ್ತದೆ. ವಯಸ್ಸಾದಂತೆಯೂ ನಿಧಾನ, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ನಿಧಾನ. ಎಂಟು ಗಂಟೆಗೆ ಬನ್ನಿ ಎಂದರೆ ಬಸ್ ಸಿಗಲಿಲ್ಲ ಎಂದು ಹತ್ತಕ್ಕೆ ಬಂದರೆ ಆ ದಿನದ ಪಟ್ಟಿಯಿಂದ ಹೆಸರು ಬಿಟ್ಟುಹೋಗಬಹುದು. ಮುಂದಿನ ತಾರೀಖು ಸಿಗುವ ಹೊತ್ತಿಗೆ ಹೊಗೆಸೊಪ್ಪು ಬೇಯಿಸುವ ಕಾಲ ಬಂದಿರುತ್ತದೆ, ಮನೆಯಲ್ಲಿ ಕರೆದುಕೊಂಡು ಹೋಗುವವರು ಇರುವುದಿಲ್ಲ. ಹೀಗೆ ಒಂದು ವರ್ಷ ಮುಂದೆ ಹೋದ ಕಣ್ಣುಗಳು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ.

"ಬೇಟಿ, ಒಂದೇ ಸಲ ನಾಲ್ಕು ಹನಿ ಹಾಕಿಬಿಡು, ಬೇಗ ಮುಗಿಯಲಿ" ಎನ್ನುವ ಹಿರಿಯರು ಇದ್ದಾರೆ. "ಚಾಚಾ, ಕಣ್ಣಿನಲ್ಲಿ ಜಾಗವೇ ಇಲ್ಲ" ಎನ್ನುತ್ತೇನೆ. ನಿಜವೂ ಅದೇ. ರೆಪ್ಪೆಯ ಒಳಗೆ ಹಿಡಿಯುವುದು ಒಂದು ಹನಿಗಿಂತಲೂ ಕಡಿಮೆ. ಎರಡನೇ ಹನಿ ಕೆನ್ನೆಯ ಮೇಲೆ ಇಳಿಯುತ್ತದೆ ಇಲ್ಲವೇ ಮೂಗಿನೊಳಕ್ಕೆ ಹೋಗುತ್ತದೆ. ಮೂಗಿಗೆ ಇಳಿದದ್ದು ರಕ್ತ ಸೇರುತ್ತದೆ. ಫಿನೈಲ್‌ಎಫ್ರಿನ್ ರಕ್ತ ಸೇರಿದರೆ ಬಿಪಿ ಏರಬಹುದು, ಎದೆ ಹೊಡೆದುಕೊಳ್ಳಬಹುದು. ಅದಕ್ಕೇ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಹೃದಯದ ಕಾಯಿಲೆ ಇದ್ದವರಿಗೆ ವೈದ್ಯರು ಈ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ, ಇಲ್ಲವೇ ಕೊಡುವುದಿಲ್ಲ. ಆದರೆ ಕಾಯಿಲೆ ಇದೆಯೆಂದು ಅವರಿಗೆ ಗೊತ್ತಾಗಬೇಕಲ್ಲ?

ಇಲ್ಲಿಂದ ನನ್ನ ಮಾತನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಿ. ಆಸ್ಪತ್ರೆಗೆ ಹೋಗುವಾಗ ಅಜ್ಜ ಅಜ್ಜಿ ದಿನಾ ನುಂಗುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೇಳಲೇಬೇಕಾದ ವಿಷಯಗಳು ಇವು: ಬಿಪಿ, ಹೃದಯದ ತೊಂದರೆ, ಸಕ್ಕರೆ, ಉಬ್ಬಸ, ನೋವಿನ ಮಾತ್ರೆ ಆಗದಿರುವುದು, ಗ್ಲಾಕೋಮಾ, ಹಿಂದೆ ಕಣ್ಣಿಗೆ ಆದ ಪೆಟ್ಟು ಅಥವಾ ಉರಿಯೂತ.

ಇವುಗಳ ಜೊತೆ ಇನ್ನೊಂದು, ಗಂಡಸರು ಸಂಕೋಚದಿಂದ ಮುಚ್ಚಿಡುವ ವಿಷಯ: ಮೂತ್ರ ಕಟ್ಟಿಕೊಳ್ಳುವುದಕ್ಕೆ, ಪ್ರಾಸ್ಟೇಟ್ ತೊಂದರೆಗೆ ನುಂಗುವ ಮಾತ್ರೆ. ಅದರಲ್ಲಿ ಟ್ಯಾಮ್ಸುಲೋಸಿನ್ ಎಂಬುದು ಬಹಳ ಬಳಕೆಯಲ್ಲಿದೆ. ಈ ಮಾತ್ರೆ ನುಂಗುವವರ ಕಣ್ಣಿನ ಬಣ್ಣದ ಪರದೆ ಬಿಗಿ ಕಳೆದುಕೊಂಡು ಆಪರೇಷನ್ ವೇಳೆ ಒದ್ದೆ ಬಟ್ಟೆಯಂತೆ ಅಲುಗಾಡುತ್ತದೆ, ಅಗಲವಾಗಿದ್ದ ಪಾಪೆ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಅಮೆರಿಕದ ವೈದ್ಯರಾದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ 2005ರಲ್ಲಿ ಇದನ್ನು ಗುರುತಿಸಿ ಪ್ರಕಟಿಸಿದರು. ಮುಂಚೆಯೇ ಗೊತ್ತಿದ್ದರೆ ವೈದ್ಯರು ಕಣ್ಣಿನೊಳಗೆ ಹಾಕುವ ಔಷಧ, ಪಾಪೆಯನ್ನು ಹಿಡಿದಿಡುವ ಸಣ್ಣ ಕೊಕ್ಕೆ ಅಥವಾ ಉಂಗುರ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಾಲ್ಕು ದಿನ ನಿಲ್ಲಿಸಿದರೂ ಕಣ್ಣಿನ ಮೇಲಿನ ಪರಿಣಾಮ ಹೋಗುತ್ತದೆಂದು ನಂಬುವಂತಿಲ್ಲ, ಮೇಲಾಗಿ ಮೂತ್ರ ಕಟ್ಟಿ ಒದ್ದಾಡುವಂತಾಗಬಹುದು. ಹೇಳಿದರೆ ಸಾಕು.

ಎಷ್ಟೋ ಸಲ ಹಿರಿಯರು ಸೊಸೆಯ ಮುಂದೆ, ಮೊಮ್ಮಗಳ ಮುಂದೆ ಈ ಮಾತು ಹೇಳಲಾರದೆ ಸುಮ್ಮನಿರುತ್ತಾರೆ. ಆಗ ಮೊಮ್ಮಗನೋ ಮಗನೋ ಮಾತ್ರೆಯ ಹಾಳೆಯನ್ನು ನಮ್ಮ ಕೈಗೆ ಕೊಟ್ಟರೆ ಆಯಿತು, ಯಾರೂ ಬಾಯಿ ಬಿಡಬೇಕಾಗಿಲ್ಲ.

ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ. ತಪಾಸಣೆಗೆ ಬಂದವರಿಗೂ ಇದೇ ಹನಿ ಹಾಕುತ್ತೇವೆ. ಆದ್ದರಿಂದ ತಪಾಸಣೆಯ ದಿನ ಬೈಕ್ ಓಡಿಸಿಕೊಂಡು ಬಂದವರು ಓಡಿಸಿಕೊಂಡೇ ವಾಪಸು ಹೋಗುವುದು ಬೇಡ, ಜೊತೆಗೆ ಒಬ್ಬರು ಇರಲಿ. ಹನಿ ಹಾಕಿಸಿಕೊಂಡು ಮನೆಗೆ ಹೋದ ಮೇಲೆ ಕಣ್ಣು ಕೆಂಪಾಗಿ ವಿಪರೀತ ನೋವು, ತಲೆನೋವು, ವಾಂತಿ ಬಂದರೆ ಅದು ಪಿತ್ತವಲ್ಲ. ಕೆಲವರಿಗೆ ಕಣ್ಣಿನ ಒತ್ತಡ ಒಮ್ಮೆಲೇ ಏರುತ್ತದೆ. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು.

ಹೊಲದ ಬದುವಿನಲ್ಲಿ ಬೆಳೆಯುವ ಉಮ್ಮತ್ತಿ ಗಿಡ ಎಲ್ಲರಿಗೂ ಗೊತ್ತು. ಪಾಪೆಯನ್ನು ಅಗಲ ಮಾಡುವ ಅಟ್ರೋಪಿನ್ ಎಂಬ ವಸ್ತು ಅದರಲ್ಲಿದೆ. ಅದರ ರಸ ತಾಗಿದ ಕೈಯಿಂದ ಕಣ್ಣುಜ್ಜಿಕೊಂಡರೆ ಒಂದು ಪಾಪೆ ದೊಡ್ಡದಾಗಿ ಮಸುಕು ಕಾಣಬಹುದು. ಗಿಡದ ಔಷಧ ಎಂದು ಯಾರಾದರೂ ಅದನ್ನು ಕಣ್ಣಿಗೆ ಹಿಂಡಲು ಹೇಳಿದರೆ ಕೇಳಬೇಡಿ. ಅದು ವಿಷ.

ಆಪರೇಷನ್ ಆದ ಮೇಲಿನ ಹನಿಗಳು ಬೇರೆ. ಸೋಂಕು ತಡೆಯುವುದು ಒಂದು, ಊತ ಇಳಿಸುವ ಸ್ಟೀರಾಯ್ಡ್ ಇನ್ನೊಂದು. ನಾಲ್ಕರಿಂದ ಆರು ವಾರ, ದಿನಕ್ಕೆ ಇಷ್ಟು ಸಲ ಎಂದು ಕಡಿಮೆ ಮಾಡುತ್ತಾ ಬರಬೇಕು. ಈ ಲೆಕ್ಕವನ್ನು ಮನೆಯಲ್ಲಿ ಒಬ್ಬ ವಿದ್ಯಾರ್ಥಿ ವಹಿಸಿಕೊಳ್ಳಲಿ. ಹಳೇ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ತಾರೀಖು, ಹೊತ್ತು ಬರೆದು ಗೋಡೆಗೆ ಅಂಟಿಸಿ, ಹಾಕಿದಾಗಲೆಲ್ಲ ಗುರುತು ಮಾಡಿ. ಕೈ ಸೋಪಿನಿಂದ ತೊಳೆಯಿರಿ. ಬಾಟಲಿಯ ಮೂತಿ ರೆಪ್ಪೆಗೂ ಬೆರಳಿಗೂ ತಾಗಬಾರದು. ಎರಡು ಔಷಧ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿ ತೆರೆದು ಒಂದು ತಿಂಗಳಾದರೆ ಎಸೆಯಿರಿ.

ಉಳಿದ ಹನಿಯನ್ನು ಇನ್ನೊಬ್ಬರ ಕಣ್ಣಿಗೆ ಎಂದೂ ಹಾಕಬೇಡಿ. ಕೆ.ಆರ್. ನಗರದ ಕಡೆ ಭತ್ತ ಕೊಯ್ಯುವಾಗ ಗರಿ ತಾಗಿ, ಹುಣಸೂರಿನ ಕಡೆ ಹೊಗೆಸೊಪ್ಪಿನ ಕೆಲಸದಲ್ಲಿ ಕಸ ಬಿದ್ದು ಕಣ್ಣು ಕೆಂಪಾಗುವುದು ಸಾಮಾನ್ಯ. "ಅಮ್ಮಿಯ ಆಪರೇಷನ್ ಹನಿ ಇದೆಯಲ್ಲ" ಎಂದು ಅದನ್ನೇ ಹಾಕಿಬಿಡುತ್ತಾರೆ. ಗಾಯದಲ್ಲಿ ಬೂಷ್ಟಿನ ಸೋಂಕು ಇದ್ದರೆ ಸ್ಟೀರಾಯ್ಡ್ ಅದನ್ನು ಬೆಂಕಿಗೆ ತುಪ್ಪ ಸುರಿದ ಹಾಗೆ ಹೆಚ್ಚಿಸುತ್ತದೆ. ತಾಯಿಯ ಕಣ್ಣು ಉಳಿಸಿದ ಬಾಟಲಿ ಮಗನ ಕಣ್ಣು ಕಳೆಯಬಾರದು.

ನಮ್ಮ ಮನೆಗಳಿಗೆ ಸಂಬಂಧಿಸಿದ ಮೂರು ಪ್ರಶ್ನೆಗಳು ಯಾವಾಗಲೂ ಬರುತ್ತವೆ. ಒಂದು, ಸುರ್ಮಾ. ತಪಾಸಣೆಗೆ ಬರುವ ದಿನವೂ ಬೇಡ, ಆಪರೇಷನ್‌ಗೆ ಮುಂಚೆಯೂ ಬೇಡ, ಆದ ಮೇಲೆ ವೈದ್ಯರು ಹೇಳುವವರೆಗೂ ಬೇಡ, ಈದ್ ಬಂದರೂ ಬೇಡ. ಕೆಲವು ಸುರ್ಮಾಗಳಲ್ಲಿ ಸೀಸವೂ ಇರುತ್ತದೆ. ಎರಡು, ವಜೂ ಮತ್ತು ನಮಾಜ್. ಮೊದಲ ದಿನಗಳಲ್ಲಿ ಕಣ್ಣಿಗೆ ನೀರು ಬೀಳಬಾರದು, ತಲೆ ತುಂಬಾ ಬಗ್ಗಿಸಬಾರದು ಎಂದು ವೈದ್ಯರು ಹೇಳುತ್ತಾರೆ. ಕಾಯಿಲೆಯವರಿಗೆ ಇರುವ ರಿಯಾಯಿತಿ ಏನೆಂದು ನಿಮ್ಮ ಮಸೀದಿಯ ಹಜ್ರತರನ್ನು ಮುಂಚೆಯೇ ಕೇಳಿಕೊಳ್ಳಿ. ಮೂರು, ರೋಜಾ. ಕಣ್ಣಿಗೆ ಔಷಧ ಹಾಕಿದರೆ ರೋಜಾ ಮುರಿಯುವುದಿಲ್ಲ ಎಂಬುದು ಹನಫಿ ಉಲಮಾಗಳ ಮಾತು. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ಕಣ್ಣಿನ ಹನಿಯನ್ನು ರೋಜಾ ಮುರಿಯದವುಗಳ ಸಾಲಿನಲ್ಲಿ ಹೇಳಿದೆ. ಸಂಶಯ ಇದ್ದವರು ತಮ್ಮ ಆಲಿಮರನ್ನು ಕೇಳಲಿ. ಆದರೆ ಯಾರನ್ನೂ ಕೇಳದೆ ರಂಜಾನಿನಲ್ಲಿ ಹಗಲೆಲ್ಲ ಹನಿ ಬಿಟ್ಟು ಕೂರುವುದು ಬೇಡ. ಆಪರೇಷನ್ ಆದ ಕಣ್ಣಿನಲ್ಲಿ ನೋವು, ಕೆಂಪು, ಕೀವು ಕಂಡರೆ, ದೃಷ್ಟಿ ಕಡಿಮೆಯಾದರೆ ಅದೇ ದಿನ ಬರಬೇಕು. ಸೋಮವಾರ ನೋಡೋಣ ಎನ್ನುವಂತಿಲ್ಲ.

ಕೊನೆಯದಾಗಿ ದಾನಿಗಳಿಗೆ ಮತ್ತು ಪೋಷಕರಿಗೆ ಒಂದೊಂದು ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ಆಪರೇಷನ್ ಉಚಿತವಾಗಿಯೇ ಆಗುತ್ತದೆ. ಹಾಗಾದರೆ ನಮ್ಮ ಹಿರಿಯರು ಯಾಕೆ ಹೋಗುವುದಿಲ್ಲ? ಬಸ್ ಚಾರ್ಜಿಗಲ್ಲ, ಜೊತೆಗೆ ಬರುವವರ ಒಂದು ದಿನದ ಕೂಲಿ ಹೋಗುತ್ತದೆ ಎಂಬುದಕ್ಕೆ. ನೀವು ಕೊಡುವ ಹಣದಲ್ಲಿ ಸ್ವಲ್ಪ ಭಾಗ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಕರೆದೊಯ್ಯುವ ವಾಹನಕ್ಕೆ, ಜೊತೆಗೆ ಬರುವವರ ಊಟ ಮತ್ತು ಕೂಲಿಗೆ, ಆಮೇಲಿನ ಆರು ವಾರದ ಹನಿಗೆ ಮೀಸಲಾದರೆ ಅದು ಲೆನ್ಸಿಗೆ ಕೊಟ್ಟಷ್ಟೇ ಪುಣ್ಯದ ಕೆಲಸ. ಫೋಟೋದಲ್ಲಿ ಹನಿಯ ಬಾಟಲಿ ಚೆನ್ನಾಗಿ ಕಾಣುವುದಿಲ್ಲ, ಆದರೆ ಅದಿಲ್ಲದೆ ಫೋಟೋದಲ್ಲಿರುವ ಆಪರೇಷನ್ ನಿಲ್ಲುವುದಿಲ್ಲ.

ಪೋಷಕರೇ, ಡಾಕ್ಟರ್ ಆಗಲಿಲ್ಲವೆಂದರೆ ಓದು ವ್ಯರ್ಥ ಎಂದು ತಿಳಿಯಬೇಡಿ. ಒಂದು ಕಣ್ಣು ಉಳಿಯಲು ವೈದ್ಯರ ಜೊತೆ ನರ್ಸಿಂಗ್ ಓದಿದವರು, ಫಾರ್ಮಸಿ ಓದಿದವರು, ಆಪ್ಟೋಮೆಟ್ರಿ ಪದವಿ ಪಡೆದವರು, ನೇತ್ರ ತಂತ್ರಜ್ಞಾನದ ಡಿಪ್ಲೊಮಾ ಮಾಡಿದವರು ಎಲ್ಲರೂ ಬೇಕು. ನಮ್ಮ ಹಳ್ಳಿಯ ಅಜ್ಜಿಗೆ ಉರ್ದುವಿನಲ್ಲೋ ಕನ್ನಡದಲ್ಲೋ ಅರ್ಥವಾಗುವ ಹಾಗೆ ಹೇಳಿ, ಗಡಿಯಾರ ನೋಡಿ, ಹತ್ತು ನಿಮಿಷಕ್ಕೊಮ್ಮೆ ಹನಿ ಹಾಕುವ ಹುಡುಗಿ ನಮ್ಮದೇ ಊರಿನವಳಾಗಿದ್ದರೆ ಆ ಅಜ್ಜಿಯ ಅರ್ಧ ಹೆದರಿಕೆ ಅಲ್ಲೇ ಕಳೆಯುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಈ ಕೋರ್ಸುಗಳ ಬಗ್ಗೆ ವಿಚಾರಿಸಿ, ಅರ್ಜಿ ಹಾಕುವಾಗ ಟ್ರಸ್ಟಿನ ಕಚೇರಿಯಲ್ಲಿ ಕೇಳಿ.

ಇಂದು ವೇತನ ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಲಿ. ಮನೆಯ ಹಿರಿಯರ ಒಂದು ಕಣ್ಣು ಮುಚ್ಚಿಸಿ, ಇನ್ನೊಂದರಿಂದ ಎದುರು ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಓದಲಾಗದಿದ್ದರೆ ತಪಾಸಣೆಗೆ ಕರೆತನ್ನಿ. ಬರುವಾಗ ಮಾತ್ರೆಯ ಚೀಲ ಮರೆಯಬೇಡಿ.

 ಅಲ್ಲಾಹನು ದಾನಿಗಳ ದಾನವನ್ನು, ಮಕ್ಕಳ ಶ್ರಮವನ್ನು ಕಬೂಲ್ ಮಾಡಲಿ.